ಏರ್‌ಬ್ಯಾಗ್ ದೀಪ ಆರದಿದ್ದರೆ

ಬಿಡುವಿನ ದಿನ ಮನೆಯಂಗಳದಲ್ಲಿ ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಸ್ಪ್ಯಾನರ್ ಹಿಡಿದು ಕೂರುವವರು ಕರ್ನಾಟಕದ ಊರೂರಲ್ಲೂ ಇದ್ದಾರೆ. ಒಬ್ಬರು ಮಗು ಚೆಲ್ಲಿದ ಹಾಲಿನ ವಾಸನೆ ಹೋಗಲೆಂದು ಸೀಟು ಬಿಚ್ಚುತ್ತಾರೆ. ಇನ್ನೊಬ್ಬರು ಹಾರ್ನ್ ಕೂಗುತ್ತಿಲ್ಲವೆಂದು ಸ್ಟಿಯರಿಂಗ್ ಕಳಚುತ್ತಾರೆ. ಮತ್ತೊಬ್ಬರು ಬಾಗಿಲಿಗೆ ಹೊಸ ಸ್ಪೀಕರ್ ಕೂರಿಸುತ್ತಾರೆ. ಕೆಲಸವೇನೋ ಚೊಕ್ಕವಾಗಿ ಮುಗಿಯುತ್ತದೆ. ಆದರೆ ಕೀಲಿ ತಿರುಗಿಸಿದಾಗ, ಕುಳಿತ ಮನುಷ್ಯನ ಎದೆಯ ಮುಂದೆ ದುಂಡನೆಯ ಚೀಲವಿರುವ ಪುಟ್ಟ ಚಿತ್ರವೊಂದು ಮೀಟರ್ ಬೋರ್ಡಿನಲ್ಲಿ ಹತ್ತಿಕೊಂಡು, ಆರುವುದೇ ಇಲ್ಲ. ಬಿಚ್ಚಿದ್ದನ್ನೆಲ್ಲ ಮೊದಲಿದ್ದ ಹಾಗೆಯೇ ಜೋಡಿಸಿದ್ದಾಗಿದೆ, ಬ್ಯಾಟರಿ ತೆಗೆದು ಹಾಕಿದ್ದೂ ಆಗಿದೆ, ದೀಪ ಮಾತ್ರ ಹೋಗುತ್ತಿಲ್ಲ.

ಆಗ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಈ ದೀಪವನ್ನು ಆರಿಸುವುದು ಹೇಗೆ? ಅದಕ್ಕೆ ಉತ್ತರವಿದೆ, ಈ ಮಾತಿನಲ್ಲಿ ಮುಂದೆ ಬರುತ್ತದೆ. ಆದರೆ ದೀಪ ಹತ್ತಿದ್ದು ಯಾಕೆ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕು. ಈ ಕ್ರಮ ತಪ್ಪಿದವರು ದೀಪ ಆರಿದ ನೆಮ್ಮದಿಯಲ್ಲೇ, ಅರಳದ ಚೀಲವನ್ನು ಎದುರಿಗಿಟ್ಟುಕೊಂಡು ಹೆದ್ದಾರಿಗೆ ಇಳಿಯುತ್ತಾರೆ.

ಹೆಚ್ಚಿನ ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವೆ, ಗೇರ್ ಲಿವರಿನ ಆಸುಪಾಸಿನಲ್ಲಿ, ಅಂಗೈ ಅಗಲದ ಲೋಹದ ಪೆಟ್ಟಿಗೆಯೊಂದು ನೆಲಕ್ಕೆ ಬಿಗಿದಿರುತ್ತದೆ. ಏರ್‌ಬ್ಯಾಗ್ ವ್ಯವಸ್ಥೆಯ ಲೆಕ್ಕಾಚಾರವೆಲ್ಲ ನಡೆಯುವುದು ಅದರೊಳಗೆ. ಗ್ಯಾರೇಜಿನವರು ಅದನ್ನು ಏರ್‌ಬ್ಯಾಗ್ ಇಸಿಯು ಅಥವಾ ಮಾಡ್ಯೂಲ್ ಅನ್ನುತ್ತಾರೆ. ಕೀಲಿ ಹಾಕಿದೊಡನೆ ಅದು ತನ್ನನ್ನೂ ತನಗೆ ಸೇರಿದ ತಂತಿಗಳನ್ನೂ ಪರೀಕ್ಷಿಸಿಕೊಳ್ಳುತ್ತದೆ. ಈ ಪರೀಕ್ಷೆ ನಡೆಯುವಷ್ಟು ಹೊತ್ತು, ಬಹಳಷ್ಟು ಕಾರುಗಳಲ್ಲಿ ಸುಮಾರು 6 ಸೆಕೆಂಡು, ದೀಪ ಉರಿದು ಆರುತ್ತದೆ. ಆರಿದ ಮೇಲೂ ಕಾರು ಓಡುವಷ್ಟು ಹೊತ್ತು ಆ ಪೆಟ್ಟಿಗೆ ಕಾವಲು ಬಿಡುವುದಿಲ್ಲ. ಏರ್‌ಬ್ಯಾಗ್ ವ್ಯವಸ್ಥೆ ಸಿದ್ಧವಾಗಿದೆಯೋ ಇಲ್ಲವೋ ಎಂದು ಚಾಲಕನಿಗೆ ಕಾಣುವಂತೆ ತೋರಿಸುವ ಸೂಚಕ ಇರಲೇಬೇಕೆಂದು ಅಮೆರಿಕದ ವಾಹನ ಸುರಕ್ಷತಾ ನಿಯಮ 208 ಹೇಳುತ್ತದೆ. ಅಂಥದೇ ದೀಪ ಇಂದು ನಮ್ಮ ಕಾರುಗಳಲ್ಲೂ ಇದೆ.

ಕಾವಲು ಎಂದರೇನು? ಪ್ರತಿ ಏರ್‌ಬ್ಯಾಗಿನ ಹಿಂದೆ ಒಂದು ಇನ್‌ಫ್ಲೇಟರ್ ಇದೆ, ಅದಕ್ಕೆ ಕಿಡಿ ಕೊಡುವ ಒಂದು ಸಣ್ಣ ಸಿಡಿಕವಿದೆ. ಈ ಸಿಡಿಕದ ವಿದ್ಯುತ್ ರೋಧ ಸಾಮಾನ್ಯವಾಗಿ 2 ಓಮ್ ಆಸುಪಾಸು. ಸುಮಾರು 1.2 ಆಂಪಿಯರ್ ವಿದ್ಯುತ್ ಬರೀ 2 ಮಿಲಿಸೆಕೆಂಡು ಹರಿದರೂ ಸಾಕು, ಅದು ಸಿಡಿಯುತ್ತದೆ. ಇಸಿಯು ಕಾಯುವಾಗ ಬಳಸುವುದು ಇದಕ್ಕಿಂತ ಎಷ್ಟೋ ಕಡಿಮೆ ವಿದ್ಯುತ್ತನ್ನು. ಆ ಸಣ್ಣ ಹರಿವನ್ನು ಕಳಿಸಿ, ರೋಧ ಇರಬೇಕಾದಷ್ಟೇ ಇದೆಯೇ ಎಂದು ಅಳೆಯುತ್ತಲೇ ಇರುತ್ತದೆ. ಎಲ್ಲೋ ಒಂದು ಪಿನ್ ಸಡಿಲಾಗಿ ರೋಧ 2 ಓಮಿನಿಂದ ನಾಲ್ಕೈದಕ್ಕೆ ಏರಿದರೂ ಅದಕ್ಕೆ ತಿಳಿಯುತ್ತದೆ. ತಿಳಿದೊಡನೆ ಒಂದು ದೋಷಸಂಖ್ಯೆಯನ್ನು ಬರೆದಿಟ್ಟು ದೀಪ ಹಚ್ಚುತ್ತದೆ. ಹ್ಯುಂಡೈ, ಕಿಯಾ ಕಾರುಗಳಲ್ಲಿ ಬಿ1346 ಎಂಬ ಕೋಡ್ ಬಂದರೆ ಚಾಲಕನ ಏರ್‌ಬ್ಯಾಗ್ ಸರ್ಕ್ಯೂಟಿನ ರೋಧ ಹೆಚ್ಚಾಗಿದೆ ಎಂದರ್ಥ. ಮುಂದಿನ ಸಂಖ್ಯೆ ಬಿ1347 ಬಂದರೆ ರೋಧ ಕಡಿಮೆಯಾಗಿದೆ. ಇಷ್ಟು ಕಿರಿದಾದ ವ್ಯತ್ಯಾಸವನ್ನೂ ಬಿಡದೆ ಹಿಡಿಯಬೇಕಾದ ಕಾರಣವಿದೆ. ಡಿಕ್ಕಿಯಾದಾಗ ನಿರ್ಧಾರಕ್ಕೆ ಸಿಗುವುದು ನೂರನೇ ಒಂದೆರಡು ಸೆಕೆಂಡು, ಚೀಲ ತುಂಬುವುದಕ್ಕೆ ಸುಮಾರು 30 ಮಿಲಿಸೆಕೆಂಡು. ಕಣ್ಣು ಒಮ್ಮೆ ಮಿಟುಕಿಸಲು ಬೇಕಾದ ಹೊತ್ತು ಇವೆರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು.

ಈ ವೇಗ ಕೈಗೆ ಬರಲು ದಶಕಗಳೇ ಹಿಡಿದವು. ಅಮೆರಿಕದ ಜಾನ್ ಹೆಟ್ರಿಕ್ ತಮ್ಮ ಗಾಳಿಚೀಲಕ್ಕೆ ಪೇಟೆಂಟ್ ಪಡೆದದ್ದು 1953ರಲ್ಲಿ. ಅದೇ ಕಾಲಕ್ಕೆ ಜರ್ಮನಿಯಲ್ಲಿ ವಾಲ್ಟರ್ ಲಿಂಡರರ್ ಕೂಡ ಇಂಥದೇ ಯೋಚನೆಯಲ್ಲಿದ್ದರು. ಒತ್ತಿ ತುಂಬಿಟ್ಟ ಗಾಳಿಯಿಂದ ಚೀಲ ಬೇಕಾದಷ್ಟು ಬೇಗ ಉಬ್ಬುತ್ತಿರಲಿಲ್ಲ, ಡಿಕ್ಕಿಯನ್ನು ತಕ್ಷಣ ಗುರುತಿಸುವ ಸಾಧನವೂ ಆಗ ಇರಲಿಲ್ಲ. 1960ರ ದಶಕದ ಕೊನೆಗೆ ಆಲನ್ ಬ್ರೀಡ್ ರೂಪಿಸಿದ ಡಿಕ್ಕಿ ಸೆನ್ಸರ್ ಬಂದ ಮೇಲೆ, ರಾಸಾಯನಿಕ ಉರಿಸಿ ಅನಿಲ ಹುಟ್ಟಿಸುವ ಉಪಾಯ ಸಿಕ್ಕ ಮೇಲೆ, ಕಲ್ಪನೆ ಕಾರಿಗೆ ಇಳಿಯಿತು. ಭಾರತದಲ್ಲಿ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಮುಂದೆ ಪಕ್ಕದಲ್ಲಿ ಕೂರುವವರ ಏರ್‌ಬ್ಯಾಗ್ 2021ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, ಆ ವರ್ಷದ ಕೊನೆಗೆ ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೂ ಕಡ್ಡಾಯವಾಯಿತು. ಅಂದರೆ ಈಗ ಮನೆಯಂಗಳದಲ್ಲಿ ಬಿಚ್ಚಿಸಿಕೊಳ್ಳುವ ಸಾಧಾರಣ ಬೆಲೆಯ ಕಾರುಗಳಲ್ಲೂ ಸಿಡಿಮದ್ದು ಇದೆ. ಹತ್ತು ಹದಿನೈದು ವರ್ಷದ ಹಿಂದೆ ಅಗ್ಗದ ಕಾರಿನ ಸ್ಟಿಯರಿಂಗನ್ನು ಯಾರು ಬೇಕಾದರೂ ಧೈರ್ಯವಾಗಿ ಕಳಚುತ್ತಿದ್ದರು. ಆ ಧೈರ್ಯವನ್ನು ಇಂದಿನ ಕಾರಿಗೆ ತರುವ ಹಾಗಿಲ್ಲ.

ಇನ್ನು ದೀಪ ಹತ್ತುವ ಕಾರಣಗಳಿಗೆ ಬರೋಣ. ಮನೆಯಲ್ಲಿ ಮಾಡಿಕೊಂಡ ಕೆಲಸದ ನಂತರ ಹತ್ತಿದ ದೀಪಕ್ಕೆ ಮೊದಲು ಹುಡುಕಬೇಕಾದ ಜಾಗ ಸೀಟಿನ ಕೆಳಗೆ. ಪಕ್ಕದ ಏರ್‌ಬ್ಯಾಗ್, ಬೆಲ್ಟ್ ಬಕಲಿನ ಸ್ವಿಚ್ಚು, ಕೆಲವು ಕಾರುಗಳಲ್ಲಿ ಬೆಲ್ಟನ್ನು ಎಳೆದು ಬಿಗಿಯುವ ಪ್ರಿಟೆನ್ಷನರ್, ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ತಿಳಿಯುವ ಚಾಪೆ, ಇವುಗಳ ತಂತಿಗಳೆಲ್ಲ ಅಲ್ಲಿಂದಲೇ ಹೋಗುತ್ತವೆ. ಏರ್‌ಬ್ಯಾಗಿನ ತಂತಿಗಳನ್ನು ಜೋಡಿಸುವ ಕಪ್ಲರುಗಳಿಗೆ ಹಳದಿ ಬಣ್ಣ ಹಾಕುವುದು ರೂಢಿ, ಗುರುತು ಹಿಡಿಯುವುದು ಸುಲಭ. ಸೀಟು ತೆಗೆದವರು ಈ ಕಪ್ಲರ್ ಬಿಡಿಸಿ, ಕಾರನ್ನು ತುಸು ಮುಂದೆ ನಿಲ್ಲಿಸಬೇಕೆಂದೋ ಪವರ್ ಕಿಟಕಿ ಏರಿಸಬೇಕೆಂದೋ ಕೀಲಿ ಹಾಕಿದರೆ ಅಷ್ಟರಲ್ಲೇ ಕೋಡ್ ದಾಖಲಾಗಿಬಿಡುತ್ತದೆ. ಆಮೇಲೆ ಕಪ್ಲರನ್ನು ಸರಿಯಾಗಿ ಹಾಕಿದರೂ ಎಷ್ಟೋ ಕಾರುಗಳಲ್ಲಿ ದೀಪ ತಾನಾಗಿ ಆರುವುದಿಲ್ಲ. ಸೀಟು ಬಿಚ್ಚದೆಯೂ ಇದು ಆಗಬಹುದು. ಸೀಟಿನ ಕೆಳಗೆ ತುರುಕಿದ ಛತ್ರಿ, ಉರುಳಿ ಹೋದ ನೀರಿನ ಬಾಟಲಿ, ಸೀಟನ್ನು ಹಿಂದೆ ಮುಂದೆ ಸರಿಸಿದಾಗ ತಂತಿಗೆ ಸಿಕ್ಕಿಕೊಂಡು ಜಗ್ಗುತ್ತವೆ.

ಸೀಟಿನ ವಿಷಯ ಬಂದಾಗ ಕವರ್ ಬಗ್ಗೆಯೂ ಹೇಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಸಿಗುವ ಚಂದದ ಸೀಟ್ ಕವರುಗಳನ್ನು ಕೊಳ್ಳುವಾಗ ಬಣ್ಣ, ಬೆಲೆಗಳ ಜೊತೆ ಪಕ್ಕದ ಹೊಲಿಗೆಯನ್ನೂ ನೋಡಬೇಕು. ಪಕ್ಕದ ಏರ್‌ಬ್ಯಾಗ್ ಸೀಟಿನ ಬೆನ್ನಿನ ಅಂಚಿನಲ್ಲಿ ಇರುವ ಕಾರಿಗೆ, ಒತ್ತಡ ಬಿದ್ದೊಡನೆ ಹರಿಯುವ ಹೊಲಿಗೆಯ ಕವರ್ ಬೇಕು. ಗಟ್ಟಿ ಹೊಲಿಗೆಯ ಕವರ್ ಚೀಲವನ್ನು ತಡೆದರೂ ದೀಪ ಹತ್ತುವುದಿಲ್ಲ. ವಿದ್ಯುತ್ ಸರ್ಕ್ಯೂಟು ಸರಿಯಾಗಿಯೇ ಇರುತ್ತದಲ್ಲ.

ಎರಡನೆಯ ಜಾಗ ಸ್ಟಿಯರಿಂಗ್. ಮನೆ ರಿಪೇರಿಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಆದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಸ್ಟಿಯರಿಂಗ್ ತಿರುಗುತ್ತದೆ, ಅದರ ಹಿಂದಿನ ಕಂಬ ತಿರುಗುವುದಿಲ್ಲ. ತಿರುಗುವ ಚಕ್ರದಲ್ಲಿರುವ ಏರ್‌ಬ್ಯಾಗಿಗೆ, ಹಾರ್ನಿಗೆ, ಬೆರಳ ತುದಿಯ ಸ್ವಿಚ್ಚುಗಳಿಗೆ ತಂತಿ ತಲುಪಿಸಲು ಕ್ಲಾಕ್ ಸ್ಪ್ರಿಂಗ್ ಅಥವಾ ಸ್ಪೈರಲ್ ಕೇಬಲ್ ಎಂಬ ಭಾಗವಿದೆ. ಡಬ್ಬಿಯೊಳಗೆ ಸುತ್ತಿಟ್ಟ ದರ್ಜಿಯ ಟೇಪಿನಂತೆ ತೆಳು ರಿಬ್ಬನ್ ಒಂದು ಅದರಲ್ಲಿ ಸುತ್ತಿಕೊಂಡಿರುತ್ತದೆ. ಸ್ಟಿಯರಿಂಗ್ ಒಂದು ಕಡೆಗೆ ಹೋದರೆ ಬಿಗಿಯುತ್ತದೆ, ಇನ್ನೊಂದು ಕಡೆಗೆ ಹೋದರೆ ಸಡಿಲುತ್ತದೆ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಲು ಎಷ್ಟು ಬೇಕೋ ಅಷ್ಟೇ ಉದ್ದ ಅದಕ್ಕಿರುತ್ತದೆ, ಹೆಚ್ಚು ಉಳಿಕೆ ಇರುವುದಿಲ್ಲ.

ಚಕ್ರಗಳನ್ನು ನೇರ ಇಡದೆ ಸ್ಟಿಯರಿಂಗ್ ಕಳಚಿದರೆ, ಇಲ್ಲವೆ ಕಳಚಿದ ಮೇಲೆ ಈ ಡಬ್ಬಿಯನ್ನು ಕುತೂಹಲಕ್ಕೆ ಒಂದು ಸುತ್ತು ತಿರುಗಿಸಿ ಹಾಗೆಯೇ ಜೋಡಿಸಿದರೆ, ರಿಬ್ಬನ್ನಿನ ಮಧ್ಯಬಿಂದು ತಪ್ಪುತ್ತದೆ. ಆ ದಿನ ಏನೂ ಆಗುವುದಿಲ್ಲ. ಹಾರ್ನ್ ಕೂಗುತ್ತದೆ, ದೀಪ ಸರಿಯಾಗಿ ಆರುತ್ತದೆ, ಕೆಲಸ ಗೆದ್ದಂತೆಯೇ ಕಾಣುತ್ತದೆ. ಕೆಲವು ದಿನಗಳ ಮೇಲೆ ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ಸ್ಟಿಯರಿಂಗನ್ನು ಕೊನೆಯವರೆಗೂ ತಿರುಗಿಸಿದಾಗ ಒಳಗೆ ಕಿರ್ರೆನ್ನುವ ಸದ್ದು ಬಂದು ರಿಬ್ಬನ್ ಹರಿಯುತ್ತದೆ. ಹಾರ್ನ್ ಸತ್ತಿತು, ಸ್ಟಿಯರಿಂಗಿನ ಮೇಲಿನ ರೇಡಿಯೋ ಬಟನ್ನುಗಳೂ ಕೆಲಸ ಮಾಡುತ್ತಿಲ್ಲ, ಅದೇ ಹೊತ್ತಿಗೆ ಏರ್‌ಬ್ಯಾಗ್ ದೀಪ ಹತ್ತಿತು. ಈ ಮೂರು ಒಟ್ಟಿಗೆ ಕಂಡರೆ ಅನುಭವಿ ಎಲೆಕ್ಟ್ರಿಷಿಯನ್ ಬೇರೆಲ್ಲೂ ಹುಡುಕದೆ ಮೊದಲು ಕ್ಲಾಕ್ ಸ್ಪ್ರಿಂಗನ್ನೇ ನೋಡುತ್ತಾರೆ. ಹರಿದ ರಿಬ್ಬನ್ನಿಗೆ ಬೆಸುಗೆ ಹಾಕುವವರು ಸಿಗುತ್ತಾರೆ, ಆದರೆ ಅದು ಮಾಡಬಾರದ ಕೆಲಸ. ಹೊಸದನ್ನೇ ಹಾಕಬೇಕು. ಹೊಸ ಭಾಗ ಬರುವಾಗ ಮಧ್ಯಕ್ಕೆ ಲಾಕ್ ಮಾಡಿಯೇ ಬರುತ್ತದೆ, ಜೋಡಿಸುವವರೆಗೂ ಆ ಲಾಕ್ ತೆಗೆಯಬಾರದು. ಲಾಕ್ ತಪ್ಪಿದರೆ, ಒಂದು ಕಡೆಗೆ ಮೆಲ್ಲನೆ ತಡೆಯುವವರೆಗೆ ತಿರುಗಿಸಿ, ಅಲ್ಲಿಂದ ಕಾರಿಗೆ ತಕ್ಕಂತೆ ಎರಡೂವರೆ ಅಥವಾ ಮೂರು ಸುತ್ತು ಹಿಂದಕ್ಕೆ ತಂದು, ಬಾಣದ ಗುರುತುಗಳನ್ನು ಎದುರುಬದುರು ಕೂರಿಸಬೇಕು. ಎಷ್ಟು ಸುತ್ತು ಎಂಬುದನ್ನು ಆ ಕಾರಿನ ಸರ್ವಿಸ್ ಪುಸ್ತಕದಲ್ಲೇ ನೋಡಬೇಕು, ಊಹೆ ಸಲ್ಲದು.

ಬಾಗಿಲಿನ ವಿಷಯ ಬಹಳ ಜನಕ್ಕೆ ಹೊಸದು. ಎಷ್ಟೋ ಕಾರುಗಳಲ್ಲಿ ಮುಂದಿನ ಬಾಗಿಲಿನೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಪಕ್ಕದಿಂದ ವಾಹನ ಬಂದು ಗುದ್ದಿದಾಗ ಬಾಗಿಲಿನ ತಗಡು ಒಳಗೆ ಕುಸಿದು, ಅಲ್ಲಿದ್ದ ಗಾಳಿಯ ಒತ್ತಡ ದಿಢೀರನೆ ಏರುತ್ತದೆ. ಪಕ್ಕದ ಏರ್‌ಬ್ಯಾಗ್ ಬಿಡಬೇಕೆಂದು ಇಸಿಯುಗೆ ಮೊದಲು ತಿಳಿಯುವುದು ಆ ಏರಿಕೆಯಿಂದಲೇ. ಸ್ಪೀಕರ್ ಹಾಕುವಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಹಾಗೆಯೇ ಬಿಟ್ಟರೆ, ತಗಡಿನಲ್ಲಿ ದೊಡ್ಡ ತೂತು ಕೊರೆದರೆ, ಗಾಳಿ ಸೋರುತ್ತದೆ, ಒತ್ತಡ ಲೆಕ್ಕದಂತೆ ಏರುವುದಿಲ್ಲ. ದೀಪ ಹತ್ತಲಿ ಬಿಡಲಿ, ಬಾಗಿಲಿನ ಆ ಹಾಳೆಯನ್ನು ಮೊದಲಿನಂತೆ ಅಂಟಿಸಿ ಮುಚ್ಚುವುದು ರಿಪೇರಿಯ ಭಾಗವೇ. ಬಂಪರ್ ಕಳಚಿ ಟಿಂಕರಿಂಗ್ ಮಾಡಿದವರೂ ಹೀಗೆಯೇ ಎಚ್ಚರವಾಗಿರಬೇಕು. ಅದರ ಹಿಂದೆ, ರೇಡಿಯೇಟರಿನ ಚೌಕಟ್ಟಿನ ಮೇಲೆ, ಡಿಕ್ಕಿ ಸೆನ್ಸರ್ ಇರುತ್ತದೆ. ಅದನ್ನು ಬಾಣದ ಗುರುತು ತಪ್ಪಿಸಿ ಅಥವಾ ಬಾಗಿದ ಪಟ್ಟಿಯ ಮೇಲೆ ಬಿಗಿದರೆ ಅದು ಕೊಡುವ ಅಳತೆಯೂ ತಪ್ಪುತ್ತದೆ.

ಉಳಿದ ಕಾರಣಗಳು ಬೇಗ ಹೇಳಿ ಮುಗಿಸುವಂಥವು. ಬ್ಯಾಟರಿ ಸೊರಗಿ ವೋಲ್ಟೇಜ್ ಇಳಿದರೆ ದೀಪ ಹತ್ತುತ್ತದೆ. ಇಲಿ ತಂತಿ ಕಡಿದರೂ ಹತ್ತುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒದ್ದೆ ಕಾರ್ಪೆಟ್ಟಿನ ಮೇಲೆ ತಿಂಗಳುಗಟ್ಟಲೆ ಕೂತ ಕಪ್ಲರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ರೋಧ ಏರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಬೇಸ್‌ಮೆಂಟುಗಳೇ ಮುಳುಗಿದವು. ಅಂಥ ನೆರೆಯಲ್ಲಿ ಸೀಟಿನವರೆಗೆ ನೀರು ನಿಂತ ಕಾರಿನಲ್ಲಿ ನೆಲಕ್ಕೆ ಬಿಗಿದ ಇಸಿಯು ಪೆಟ್ಟಿಗೆ ಒಣಗಿದ ಮೇಲೆ ಕೆಲಸ ಮಾಡಿದರೂ ಅದನ್ನು ನಂಬುವ ಹಾಗಿಲ್ಲ.

ಇನ್ನು ಕೈಯ ಎಚ್ಚರ. ಯಾವುದೇ ಹಳದಿ ಕಪ್ಲರ್ ಮುಟ್ಟುವ ಮೊದಲು ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ, ಕಾಯಬೇಕು. ಅಪಘಾತದಲ್ಲಿ ಬ್ಯಾಟರಿ ಜಜ್ಜಿಹೋದರೂ ಚೀಲ ಬಿಡಲು ಆಗಬೇಕೆಂದು ಇಸಿಯು ಒಳಗೆ ಕೆಪಾಸಿಟರಿನಲ್ಲಿ ವಿದ್ಯುತ್ತನ್ನು ಕೂಡಿಟ್ಟಿರುತ್ತದೆ, ಅದು ಇಳಿಯಲು ಹೊತ್ತು ಬೇಕು. ಟೊಯೋಟ ತನ್ನ ಕೈಪಿಡಿಗಳಲ್ಲಿ 90 ಸೆಕೆಂಡು ಎನ್ನುತ್ತದೆ, ಹೋಂಡಾ 3 ನಿಮಿಷ ಎನ್ನುತ್ತದೆ. ಕಾರು ಯಾವುದಾದರೂ ಹತ್ತು ನಿಮಿಷ ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. ಕಳಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿ ಇಡಬೇಕು, ಹಿಡಿದು ನಡೆಯುವಾಗ ಅದರ ಮುಖ ಮೈಯಿಂದ ಆಚೆಗಿರಬೇಕು. ಮಲ್ಟಿಮೀಟರಿನ ಓಮ್ ಮುಳ್ಳುಗಳನ್ನು ಏರ್‌ಬ್ಯಾಗಿನ ಪಿನ್ನಿಗೆ ಯಾವ ಕಾರಣಕ್ಕೂ ತಾಗಿಸಬಾರದು. ಮೀಟರ್ ಅಳೆಯುವುದೇ ತನ್ನ ಬ್ಯಾಟರಿಯಿಂದ ವಿದ್ಯುತ್ ಕಳಿಸಿ, ಆ ವಿದ್ಯುತ್ತೇ ಸಿಡಿಕವನ್ನು ಹೊತ್ತಿಸಬಹುದು.

ದೀಪ ಆರಿಸುವ ಮಾತು ಈಗ. ಬ್ಯಾಟರಿ ತೆಗೆದಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಏರ್‌ಬ್ಯಾಗ್ ಕೋಡುಗಳು ಉಳಿಯುವುದು ವಿದ್ಯುತ್ ಹೋದರೂ ಅಳಿಯದ ನೆನಪಿನ ಚಿಪ್ಪಿನಲ್ಲಿ, ಆದ್ದರಿಂದ ರಾತ್ರಿಯಿಡೀ ಬ್ಯಾಟರಿ ಬಿಡಿಸಿಟ್ಟರೂ ಅವು ಅಲ್ಲೇ ಇರುತ್ತವೆ. ಎರಡನೆಯ ನಂಬಿಕೆ, ಕೆಲವು ನೂರು ರೂಪಾಯಿಗೆ ಸಿಗುವ, ಕಾರಿನ ದೋಷಸಂಖ್ಯೆ ಓದುವ ಬ್ಲೂಟೂತ್ ಒಬಿಡಿ ಸಾಧನದಿಂದ ಯಾವ ದೀಪವನ್ನಾದರೂ ಆರಿಸಬಹುದು ಎಂಬುದು. ಒಬಿಡಿ ನಿಯಮ ಹುಟ್ಟಿದ್ದು ಹೊಗೆ ನಿಯಂತ್ರಣಕ್ಕೆ. ಎಲ್ಲ ಕಂಪನಿಗಳಿಗೂ ಒಂದೇ ಆಗಿರಬೇಕಾದದ್ದು ಎಂಜಿನ್ನಿಗೆ ಸಂಬಂಧಿಸಿದ ಕೋಡುಗಳು ಮಾತ್ರ. ಏರ್‌ಬ್ಯಾಗಿನ ಭಾಷೆ ಕಂಪನಿಗೊಂದು. ಇಎಲ್‌ಎಂ 327 ಚಿಪ್ಪಿನ ಅಗ್ಗದ ಸಾಧನವನ್ನು ಸಾಮಾನ್ಯ ಆ್ಯಪ್ ಜೊತೆ ಬಳಸಿದಾಗ ‘ಯಾವ ದೋಷವೂ ಇಲ್ಲ’ ಎಂದು ತೋರಿಸಿದರೆ, ಅದು ಎಂಜಿನ್ನನ್ನು ಮಾತ್ರ ಕೇಳಿ ಬಂದಿದೆ ಎಂದು ತಿಳಿಯಬೇಕು.

ಕಂಪನಿಗೆ ತಕ್ಕ ಸಾಫ್ಟ್‌ವೇರ್ ಇದ್ದರೆ ಮಾತು ಬೇರೆ. ಪೋಲೊ, ವೆಂಟೊ, ರ‍್ಯಾಪಿಡ್ ಕಾರುಗಳಿರುವವರು ವಿಸಿಡಿಎಸ್ ಎಂಬ ಸಾಧನದಿಂದ, ಫೀಗೊ, ಇಕೋಸ್ಪೋರ್ಟ್ ಇರುವವರು ಫೋರ್‌ಸ್ಕ್ಯಾನ್ ಎಂಬ ಸಾಫ್ಟ್‌ವೇರಿನಿಂದ ಏರ್‌ಬ್ಯಾಗ್ ಇಸಿಯುವನ್ನು ಓದಿ ಅಳಿಸಬಹುದು. ಉಳಿದವರು ಏರ್‌ಬ್ಯಾಗ್ ಓದಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋದರಾಯಿತು. ಹಳೆಯ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದ ದಾರಿಯೂ ಇತ್ತು. ಹೋಂಡಾದ ಹಳೆಯ ಮಾದರಿಗಳಲ್ಲಿ ಎಂಇಎಸ್ ಎಂಬ ಎರಡು ಪಿನ್ನಿನ ಪುಟ್ಟ ಕಪ್ಲರ್ ಇದೆ. ಅದರ ಎರಡು ಪಿನ್ನುಗಳನ್ನು ಜೋಡಿಸಿ ಕೀಲಿ ಹಾಕಬೇಕು. ದೀಪ ಸುಮಾರು 6 ಸೆಕೆಂಡು ಉರಿದು ಆರುತ್ತದೆ. ಆರಿದ 4 ಸೆಕೆಂಡಿನೊಳಗೆ ಜೋಡಣೆ ತೆಗೆಯಬೇಕು. ದೀಪ ಮತ್ತೆ ಹತ್ತುತ್ತದೆ, ಹತ್ತಿದ 4 ಸೆಕೆಂಡಿನೊಳಗೆ ಮತ್ತೆ ಜೋಡಿಸಬೇಕು. ದೀಪ ಆರಿದೊಡನೆ, ಅದೇ 4 ಸೆಕೆಂಡಿನೊಳಗೆ, ಇನ್ನೊಮ್ಮೆ ಬಿಡಿಸಬೇಕು. ದೀಪ ಎರಡು ಸಲ ಮಿನುಗಿದರೆ ನೆನಪು ಅಳಿಸಿತು ಎಂದರ್ಥ.

ಸ್ಕ್ಯಾನರ್ ಆಗಲಿ ಎಂಇಎಸ್ ಆಗಲಿ, ಎರಡಕ್ಕೂ ಒಂದೇ ಷರತ್ತು. ದೋಷ ಈಗಲೂ ಇದ್ದರೆ ಕೋಡ್ ಅಳಿಯುವುದಿಲ್ಲ, ಅಳಿದರೂ ಮುಂದಿನ ಸ್ವಯಂಪರೀಕ್ಷೆಯಲ್ಲಿ ಮರಳಿ ಬರುತ್ತದೆ. ಕೋಡುಗಳಲ್ಲಿ ಈಗ ಇರುವ ದೋಷ, ಹಿಂದೆ ಬಂದುಹೋದ ದೋಷ ಎಂದು ಎರಡು ಬಗೆ ಕಾಣುತ್ತದೆ. ಸೀಟಿನ ಕಪ್ಲರ್ ಬಿಡಿಸಿ ಕೀಲಿ ಹಾಕಿದ್ದರಿಂದ ಬಂದ ಕೋಡು ಹಿಂದಿನದಾಗಿ ಉಳಿದಿದ್ದರೆ ಒಂದು ಸಲ ಅಳಿಸಿದರೆ ಸಾಕು. ಮೂರನೆಯ ಸಲ, ನಾಲ್ಕನೆಯ ಸಲ ಅಳಿಸಬೇಕಾಗಿ ಬರುತ್ತಿದೆ ಎಂದರೆ ಎಲ್ಲೋ ಒಂದು ತಂತಿ ಸಡಿಲವಿದೆ, ಅದನ್ನು ಹುಡುಕಬೇಕು. ಅಳಿಸುವ ಮುನ್ನ ಕೋಡಿನ ಫೋಟೋ ತೆಗೆದಿಡುವುದು ಜಾಣತನ, ಅಳಿಸಿದ ಮೇಲೆ ಅದು ಮರಳಿ ಸಿಗುವುದಿಲ್ಲ. ಅಳಿಸಿ ಆದ ಮೇಲೆ ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ, ಹಳ್ಳದಿಣ್ಣೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು. ಆಗಲೂ ಏನೂ ಬರದಿದ್ದರೆ ರಿಪೇರಿ ಮುಗಿಯಿತು.

ಚೀಲ ಒಮ್ಮೆ ಅರಳಿದ ಕಾರಿನ ಕತೆ ಬೇರೆ. ಡಿಕ್ಕಿಯ ದಾಖಲೆ ಇಸಿಯುವಿನಲ್ಲಿ ಕೂತುಬಿಡುತ್ತದೆ, ಬಹುತೇಕ ಕಂಪನಿಗಳು ಆ ಪೆಟ್ಟಿಗೆಯನ್ನೇ ಬದಲಿಸಲು ಹೇಳುತ್ತವೆ. ಅದರ ಜೊತೆಗೆ ಅರಳಿದ ಚೀಲ, ಸಿಡಿದ ಪ್ರಿಟೆನ್ಷನರ್, ಡಿಕ್ಕಿ ಸೆನ್ಸರುಗಳು, ಎಲ್ಲದಕ್ಕೂ ಖರ್ಚು ಏರುತ್ತದೆ. ಅಡ್ಡದಾರಿಗಳು ಹುಟ್ಟುವುದು ಈ ಖರ್ಚಿನ ಭಯದಿಂದಲೇ. ಚೀಲ ಇರಬೇಕಾದ ಜಾಗದಲ್ಲಿ 2 ಓಮಿನ ಪುಟ್ಟ ರೆಸಿಸ್ಟರ್ ಹಾಕಿ, ಮೇಲೆ ಅಂದವಾದ ಮುಚ್ಚಳ ಒತ್ತುವವರಿದ್ದಾರೆ. ಇಸಿಯು ಅಳೆದಾಗ 2 ಓಮ್ ಸಿಗುತ್ತದೆ, ಚೀಲ ಇದೆಯೆಂದೇ ಅದು ತಿಳಿಯುತ್ತದೆ. ಇನ್ನು ಕೆಲವರು ದೀಪದ ಬಲ್ಬನ್ನೇ ಕಿತ್ತುಬಿಡುತ್ತಾರೆ, ಅಥವಾ ಅದರ ತಂತಿಯನ್ನು ಬ್ಯಾಟರಿ ದೀಪದ ತಂತಿಗೆ ಸೇರಿಸುತ್ತಾರೆ. ಆಗ ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ. ಅಮೆರಿಕದ ಹಲವು ರಾಜ್ಯಗಳಲ್ಲಿ, ಏರ್‌ಬ್ಯಾಗ್ ಬದಲು ಬೇರೆ ವಸ್ತು ಇಡುವುದೂ ವ್ಯವಸ್ಥೆ ಸರಿಯಿದೆ ಎಂದು ದೀಪ ಸುಳ್ಳು ಹೇಳುವಂತೆ ಮಾಡುವುದೂ ಶಿಕ್ಷಾರ್ಹ ಅಪರಾಧ. ಅದು ಅಪರಾಧವಷ್ಟೇ ಅಲ್ಲ, ಆ ಕಾರನ್ನು ಮುಂದೆ ಕೊಳ್ಳುವವರ ಜೀವಕ್ಕೆ ಮಾಡುವ ದ್ರೋಹವೂ ಹೌದು.

ನಕಲಿ ಏರ್‌ಬ್ಯಾಗುಗಳದ್ದು ಇನ್ನೊಂದು ಕಾಟ. 2012ರ ಅಕ್ಟೋಬರಿನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಈ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು. ಅದು ಪರೀಕ್ಷಿಸಿದ ನಕಲಿಗಳಲ್ಲಿ ಕೆಲವು ಅರಳಲೇ ಇಲ್ಲ, ಕೆಲವು ಲೋಹದ ಚೂರುಗಳನ್ನು ಉಗುಳಿದವು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕ ಏರ್‌ಬ್ಯಾಗಿನ ಹಿನ್ನೆಲೆ ಯಾರಿಗೂ ತಿಳಿಯದು. ಅದು ನೆರೆಯಲ್ಲಿ ನೆನೆದದ್ದೋ, ಬಿಸಿಲಿಗೆ ಬಿದ್ದದ್ದೋ ಹೊರಗಿನಿಂದ ಕಾಣುವುದಿಲ್ಲ. ಬೇರೆ ಭಾಗಗಳನ್ನು ಗುಜರಿಯಿಂದ ತರುವವರು ತರಲಿ, ಇದೊಂದನ್ನು ತರಬಾರದು.

ದೀಪ ಸರಿಯಾಗಿ ಆರಿದರೂ ಅದರ ಕಣ್ಣಿಗೆ ಬೀಳದ ದೋಷಗಳಿವೆ ಎಂಬುದನ್ನು ಜಗತ್ತು ಕಲಿತದ್ದು ತಕಾಟ ಪ್ರಕರಣದಿಂದ. ಜಪಾನಿನ ತಕಾಟ ಕಂಪನಿ ತನ್ನ ಇನ್‌ಫ್ಲೇಟರುಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿತು. ವರ್ಷಾನುಗಟ್ಟಲೆ ಸೆಕೆ, ತೇವಗಳಲ್ಲಿದ್ದ ಆ ಮದ್ದು ಕೆಟ್ಟು, ಸಿಡಿದಾಗ ಲೋಹದ ಡಬ್ಬಿಯನ್ನೇ ಒಡೆದು ಚೂರುಗಳನ್ನು ಎರಚುತ್ತಿತ್ತು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು, 2017ರ ಜೂನ್‌ನಲ್ಲಿ ಕಂಪನಿ ದಿವಾಳಿಯಾಯಿತು. ಆ ಕಾರುಗಳಲ್ಲಿ ಏರ್‌ಬ್ಯಾಗ್ ದೀಪ ಕ್ರಮವಾಗಿ ಹತ್ತಿ ಕ್ರಮವಾಗಿ ಆರುತ್ತಿತ್ತು. ಮದ್ದಿನ ಗುಣವನ್ನು ಓಮ್ ಲೆಕ್ಕ ತೋರಿಸಲಾರದು. ಭಾರತದಲ್ಲೂ ತಕಾಟ ಇನ್‌ಫ್ಲೇಟರುಗಳಿದ್ದ ಕಾರುಗಳನ್ನು ಹಿಂದಕ್ಕೆ ಕರೆದು ಉಚಿತವಾಗಿ ಬದಲಿಸಿಕೊಡಲಾಗಿದೆ. ಹಳೆಯ ಕಾರು ಕೊಂಡವರು ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಂಪನಿಯ ಜಾಲತಾಣದಲ್ಲೋ ಶೋರೂಮಿನಲ್ಲೋ ಕೊಟ್ಟು ವಿಚಾರಿಸಬೇಕು.

ಇಷ್ಟೆಲ್ಲ ಶ್ರಮ ಯಾಕೆ ಎನ್ನುವವರಿಗೆ ಒಂದು ಲೆಕ್ಕ. 1987ರಿಂದ 2017ರವರೆಗೆ ಅಮೆರಿಕದಲ್ಲಿ ಮುಂಭಾಗದ ಏರ್‌ಬ್ಯಾಗುಗಳಿಂದ 50,457 ಜೀವ ಉಳಿದಿವೆ ಎಂದು ಅಲ್ಲಿನ ಸುರಕ್ಷತಾ ಆಡಳಿತ ಅಂದಾಜಿಸಿದೆ. ಆದರೆ ಬೆಲ್ಟಿನ ಜೊತೆಗೆ ಕೆಲಸ ಮಾಡಲೆಂದೇ ಚೀಲವನ್ನು ರೂಪಿಸಿದ್ದು. ಬೆಲ್ಟಿನ ಎಚ್ಚರಿಕೆ ಸದ್ದು ನಿಲ್ಲಿಸಲು ಬಕಲಿಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಮಾರುತ್ತಿದ್ದ ಐದು ಆನ್‌ಲೈನ್ ಮಾರಾಟ ತಾಣಗಳಿಗೆ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಡೆ ಹಾಕಿತು, 13,118 ಮಾರಾಟ ಪುಟಗಳು ತೆಗೆದುಹಾಕಲ್ಪಟ್ಟವು. ಎಷ್ಟೋ ಕಾರುಗಳಲ್ಲಿ ಬಕಲಿನ ಸ್ವಿಚ್ಚು ಏರ್‌ಬ್ಯಾಗ್ ಇಸಿಯುಗೂ ಸುದ್ದಿ ಕಳಿಸುತ್ತದೆ. ಕ್ಲಿಪ್ ಸಿಕ್ಕಿಸಿದರೆ ಬೆಲ್ಟ್ ಹಾಕದವರನ್ನು ಹಾಕಿದವರೆಂದು ಅದು ಎಣಿಸುತ್ತದೆ.

ಸೀಟಿನ ಕಪ್ಲರ್ ನೋಡುವುದು, ಬ್ಯಾಟರಿ ಬದಲಿಸುವುದು, ಬಂದುಹೋದ ಕೋಡನ್ನು ಅಳಿಸುವುದು, ಇಷ್ಟನ್ನು ಎಚ್ಚರದಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ಚೀಲ ಬಿಚ್ಚುವುದು, ಹಳದಿ ತಂತಿಯನ್ನು ಕತ್ತರಿಸಿ ಬೆಸೆಯುವುದು, ಅರಳಿದ ವ್ಯವಸ್ಥೆಯನ್ನು ಮತ್ತೆ ಕೂರಿಸುವುದು ತರಬೇತಾದವರ ಕೆಲಸ.

ಸ್ವತಃ ರಿಪೇರಿ ಮಾಡಿಕೊಳ್ಳುವ ಕೇಳುಗರಲ್ಲಿ ಒಂದು ವಿನಂತಿ. ಸರ್ವಿಸ್ ಸೆಂಟರಿಗೆ ಕಾರು ಒಯ್ದಾಗ ‘ಸುಮ್ಮನೆ ದೀಪ ಹತ್ತಿತು’ ಎಂದು ಹೇಳಬೇಡಿ. ಯಾವ ಸೀಟು ತೆಗೆದಿರಿ, ಯಾವ ಕಪ್ಲರ್ ಬಿಡಿಸಿದಿರಿ, ನಡುವೆ ಕೀಲಿ ಹಾಕಿದ್ದುಂಟೇ, ಕೋಡ್ ಎಷ್ಟು ಸಲ ಅಳಿಸಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ತೆಗೆದಿಟ್ಟ ಫೋಟೋದ ಜೊತೆ ಆ ಮೆಕ್ಯಾನಿಕ್ಕಿನ ಕೈಗೆ ಕೊಡಿ. ಕಾರಿನಡಿ ಮಲಗಿ ಗಂಟೆಗಟ್ಟಲೆ ಹುಡುಕುವ ಅವರ ಕೆಲಸದಲ್ಲಿ ಅರ್ಧವನ್ನು ಆ ಚೀಟಿ ಮುಗಿಸಿಕೊಡುತ್ತದೆ.